ಎರಡು ಸರ್ವರ್, 11 ವಿಎಂ: ವಿಎಂವೇರ್ ಬಿಟ್ಟು ಬೇರೆ ಸಾಫ್ಟ್‌ವೇರ್ ಆರಿಸುವಾಗ ಏನೇನು ಪರೀಕ್ಷಿಸಬೇಕು?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಕಾರ್ಖಾನೆಯಲ್ಲಿ ಎರಡು ಸರ್ವರ್ ಇವೆ, ಒಂದೊಂದರಲ್ಲಿ 12 ಕೋರ್‌ನ ಎರಡೆರಡು ಪ್ರೊಸೆಸರ್. ಎರಡಕ್ಕೂ ಸೇರಿ ಒಂದು ಸ್ಯಾನ್ ಸ್ಟೋರೇಜ್, ಅಂದರೆ ಎರಡೂ ಹಂಚಿಕೊಂಡು ಬಳಸುವ ಡಿಸ್ಕ್ ಪೆಟ್ಟಿಗೆ. ಅದರ ಮೇಲೆ 11 ವಿಎಂ (ಒಂದೇ ಯಂತ್ರದೊಳಗೆ ಸಾಫ್ಟ್‌ವೇರ್ ಕಟ್ಟಿಕೊಡುವ ವರ್ಚುವಲ್ ಕಂಪ್ಯೂಟರ್) ಓಡುತ್ತಿವೆ, 7 ವಿಂಡೋಸ್, 4 ಲಿನಕ್ಸ್. ಇವನ್ನು ಓಡಿಸುವ ವಿಎಂವೇರ್ ಸಾಫ್ಟ್‌ವೇರ್‌ನ ರಿನ್ಯೂವಲ್ ಕೊಟೇಶನ್ ನೋಡಿ ಮಾಲೀಕರು ಬೇರೆ ಏನಾದರೂ ಹುಡುಕಿ ಅಂದಿದ್ದಾರೆ. ಹೈಪರ್-ವಿ, ಪ್ರಾಕ್ಸ್‌ಮಾಕ್ಸ್, ನುಟಾನಿಕ್ಸ್, ಎಕ್ಸ್‌ಸಿಪಿ-ಎನ್‌ಜಿ ಇವುಗಳಲ್ಲಿ ಯಾವುದು, ಹೇಗೆ ತೂಗಿ ನೋಡುವುದು ಅಂತ ಕೇಳಿದ್ದೀರಿ. ನಾನು ಇದೇ ಗಾತ್ರದ ಕಂಪನಿಗಳ ಸರ್ವರ್ ನೋಡಿಕೊಳ್ಳುವವನು, ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ನೆಟ್‌ನಲ್ಲಿ ಸಿಗುವ ಹೋಲಿಕೆ ಪಟ್ಟಿಗಳನ್ನು ಮೊದಲು ಪಕ್ಕಕ್ಕಿಡಿ. ವಿಎಂ ಓಡಿಸುವ ಕೆಲಸದಲ್ಲಿ ಇವೆಲ್ಲ ಪಳಗಿ ಎಷ್ಟೋ ವರ್ಷ ಆಯಿತು. ವಿಎಂ ಓಡಿಸುವ ಕೆವಿಎಂ ಅನ್ನುವ ಭಾಗ 2007ರಲ್ಲೇ ಲಿನಕ್ಸ್ ಕರ್ನಲ್ ಒಳಗೆ ಸೇರಿತು. ಪ್ರಾಕ್ಸ್‌ಮಾಕ್ಸ್ ಅದರ ಮೇಲೆ ನಿಂತಿದೆ, ನುಟಾನಿಕ್ಸ್‌ನಲ್ಲಿ ವಿಎಂ ಓಡಿಸುವ ಎಎಚ್‌ವಿ ಕೂಡ ಅದನ್ನೇ ಆಧರಿಸಿದೆ. ಹೈಪರ್-ವಿ 2008ರಿಂದ ಇದೆ. ನಿಮ್ಮ 11 ವಿಎಂಗಳನ್ನು ಇವುಗಳಲ್ಲಿ ಯಾವುದು ಬೇಕಾದರೂ ಹೊರುತ್ತದೆ. ನಿಮಗೆ ವ್ಯತ್ಯಾಸ ಕಾಣುವುದು ಲೈಸೆನ್ಸ್ ಬಿಲ್‌ನಲ್ಲಿ, ಸ್ಟೋರೇಜ್‌ನಲ್ಲಿ, ಬ್ಯಾಕಪ್ ವಾಪಸ್ ತರುವಾಗ, ಮತ್ತೆ ರಾತ್ರಿ ಸರ್ವರ್ ಬಿದ್ದಾಗ ಫೋನ್ ಎತ್ತುವವರು ಯಾರು ಅನ್ನುವುದರಲ್ಲಿ.

ಬಿಲ್‌ನಿಂದ ಶುರು ಮಾಡೋಣ. ಬ್ರಾಡ್‌ಕಾಮ್ ವಿಎಂವೇರ್ ಕೊಳ್ಳುವುದನ್ನು ಮುಗಿಸಿದ್ದು 2023ರ ನವೆಂಬರ್‌ನಲ್ಲಿ. ಮರುತಿಂಗಳೇ ಒಮ್ಮೆ ಕೊಂಡು ಇಟ್ಟುಕೊಳ್ಳುವ ಲೈಸೆನ್ಸ್ ಮಾರಾಟ ನಿಲ್ಲಿಸಿ ಪೂರ್ತಿ ಚಂದಾಕ್ಕೆ ಹೋಯಿತು. ಈಗ ಲೆಕ್ಕ ಕೋರ್ ಮೇಲೆ, ಅದೂ ಒಂದು ಪ್ರೊಸೆಸರ್‌ಗೆ ಕನಿಷ್ಠ 16 ಕೋರ್. ನಿಮ್ಮಲ್ಲಿ ನಿಜವಾಗಿ ಇರುವುದು 48 ಕೋರ್, ಆದರೆ ದುಡ್ಡು ಕಟ್ಟಬೇಕಾದದ್ದು 64 ಕೋರ್‌ಗೆ. ಕೊಟೇಶನ್‌ನಲ್ಲಿ 64 ಅಂತ ಇದ್ದರೆ ಅದು ಡೀಲರ್ ಮಾಡಿದ ತಪ್ಪಲ್ಲ.

ಇದಕ್ಕಿಂತ ಜಾಸ್ತಿ ಜನ ಎಡವುವುದು ವಿಂಡೋಸ್ ಲೈಸೆನ್ಸ್‌ನಲ್ಲಿ. ಪ್ರಾಕ್ಸ್‌ಮಾಕ್ಸ್‌ಗೆ ಹೋದರೆ ಎಲ್ಲ ಫ್ರೀ ಅಂದುಕೊಂಡು ಮಾಲೀಕರಿಗೆ ಮಾತು ಕೊಟ್ಟುಬಿಡಬೇಡಿ. ಕೆಳಗೆ ಯಾವ ಹೈಪರ್‌ವೈಸರ್ (ವಿಎಂಗಳನ್ನು ಓಡಿಸುವ ಸಾಫ್ಟ್‌ವೇರ್) ಇದ್ದರೂ ವಿಂಡೋಸ್ ಸರ್ವರ್ ಲೈಸೆನ್ಸ್ ಆ ಯಂತ್ರದ ಎಲ್ಲ ಕೋರ್‌ಗಳಿಗೂ ಬೇಕು. ಸ್ಟ್ಯಾಂಡರ್ಡ್ ಎಡಿಷನ್‌ನಲ್ಲಿ ಎಲ್ಲ ಕೋರ್‌ಗೂ ಒಂದು ಸುತ್ತು ಲೈಸೆನ್ಸ್ ಕೊಂಡರೆ ಎರಡು ವಿಂಡೋಸ್ ವಿಎಂ ಓಡಿಸಬಹುದು. 7 ವಿಎಂಗೆ ನಾಲ್ಕು ಸುತ್ತು ಬೇಕು, ಅಂದರೆ ಒಂದು ಸರ್ವರ್‌ಗೆ 96 ಕೋರ್ ಲೈಸೆನ್ಸ್. ಒಂದು ಸರ್ವರ್ ಬಿದ್ದಾಗ ಏಳೂ ಇನ್ನೊಂದರ ಮೇಲೆ ಓಡಬೇಕು ಅಲ್ವಾ? ಲೈಸೆನ್ಸನ್ನು ಒಂದು ಯಂತ್ರದಿಂದ ಇನ್ನೊಂದಕ್ಕೆ ಬದಲಿಸಿದರೆ ಸಾಮಾನ್ಯವಾಗಿ 90 ದಿನ ಮತ್ತೆ ಬದಲಿಸುವ ಹಾಗಿಲ್ಲ. ಹಾಗಾಗಿ ಎರಡನೇ ಸರ್ವರ್‌ಗೂ ಅಷ್ಟೇ ಬೇಕು. ಚಂದಾ ಅಥವಾ ಸಾಫ್ಟ್‌ವೇರ್ ಅಶ್ಯೂರೆನ್ಸ್ (ಮೈಕ್ರೋಸಾಫ್ಟ್ ಲೈಸೆನ್ಸ್ ಜೊತೆ ಕೊಳ್ಳುವ ನಿರ್ವಹಣಾ ಒಪ್ಪಂದ) ಇದ್ದರೆ ವಿಎಂ ಲೆಕ್ಕದಲ್ಲಿ ಕೊಳ್ಳುವ ದಾರಿ 2022ರಿಂದ ಇದೆ, ಅದರ ಬೆಲೆಯನ್ನೂ ಕೇಳಿ ನೋಡಿ. ಡೇಟಾಸೆಂಟರ್ ಎಡಿಷನ್‌ಗೆ ವಿಎಂ ಮಿತಿ ಇಲ್ಲ, ಆದರೆ ಪಟ್ಟಿ ಬೆಲೆ ಸ್ಟ್ಯಾಂಡರ್ಡ್‌ನ ಸುಮಾರು ಆರು ಪಟ್ಟು. ಒಂದು ಸರ್ವರ್ ಮೇಲೆ ಸುಮಾರು ಹತ್ತು ವಿಂಡೋಸ್ ವಿಎಂ ದಾಟುವ ತನಕ ನಿಮಗೆ ಅದು ಬೇಡ.

ಈಗಾಗಲೇ ಈ ಲೈಸೆನ್ಸ್ ನಿಮ್ಮ ಹತ್ತಿರ ಸರಿಯಾಗಿ ಇದ್ದರೆ ಹೈಪರ್-ವಿಗೆ ಬೇರೆ ದುಡ್ಡು ಕಟ್ಟಬೇಕಾಗಿಲ್ಲ, ಫೇಲ್‌ಓವರ್ ಕ್ಲಸ್ಟರ್ (ಒಂದು ಸರ್ವರ್ ಬಿದ್ದರೆ ಇನ್ನೊಂದು ಕೆಲಸ ವಹಿಸಿಕೊಳ್ಳುವ ವ್ಯವಸ್ಥೆ) ಕೂಡ ಸ್ಟ್ಯಾಂಡರ್ಡ್‌ನಲ್ಲೇ ಬರುತ್ತದೆ. ಉಚಿತ ಹೈಪರ್-ವಿ ಸರ್ವರ್ ಅಂತ ಪ್ರತ್ಯೇಕವಾಗಿ ಸಿಗುತ್ತಿದ್ದದ್ದು 2019ರ ಆವೃತ್ತಿಗೇ ಮುಗಿಯಿತು. ಹೊಸದಾಗಿ ಅದರ ಮೇಲೆ ಏನನ್ನೂ ಕಟ್ಟಬೇಡಿ. ಎಲ್ಲಾದರೂ ಒರಾಕಲ್ ಡೇಟಾಬೇಸ್ ಓಡುತ್ತಿದ್ದರೆ ಅದರ ಲೈಸೆನ್ಸ್ ಬಲ್ಲವರನ್ನು ಮೊದಲೇ ಕೇಳಿ. ವಿಎಂಗೆ ಕೊಟ್ಟ ಕೋರ್ ಎಷ್ಟು ಅನ್ನುವುದನ್ನು ಒರಾಕಲ್‌ನವರು ಒಪ್ಪುವುದಿಲ್ಲ, ವಿಎಂ ಓಡಬಹುದಾದ ಯಂತ್ರಗಳ ಪೂರ್ತಿ ಕೋರ್ ಕೇಳುತ್ತಾರೆ.

ಇನ್ನು ಸ್ಟೋರೇಜ್. ನಿಮ್ಮ ತೀರ್ಮಾನ ನಿಂತಿರುವುದು ಇದರ ಮೇಲೆ ಅಂತ ನನ್ನ ಅಭಿಪ್ರಾಯ. ಒಂದೇ ಸ್ಯಾನ್ ಲನ್ (ಸ್ಯಾನ್‌ನಿಂದ ಭಾಗ ಮಾಡಿ ಕೊಟ್ಟ ಡಿಸ್ಕ್) ಅನ್ನು ಹಲವು ಸರ್ವರ್ ಒಟ್ಟಿಗೆ ಬಳಸುವ ಕೆಲಸವನ್ನು ವಿಎಂವೇರ್‌ನ ವಿಎಂಎಫ್‌ಎಸ್ ಬಹಳ ಚೆನ್ನಾಗಿ ಮಾಡುತ್ತದೆ. ಅದು ಮಾಡುತ್ತಿದೆ ಅಂತ ಗೊತ್ತೇ ಆಗದಷ್ಟು. ಹೈಪರ್-ವಿಯಲ್ಲಿ ಅದಕ್ಕೆ ಕ್ಲಸ್ಟರ್ ಶೇರ್ಡ್ ವಾಲ್ಯೂಮ್ ಇದೆ, ಹಳೆಯದು, ಗಟ್ಟಿಯಾದದ್ದು. ಪ್ರಾಕ್ಸ್‌ಮಾಕ್ಸ್ ಸೊರಗುವುದು ಇಲ್ಲಿಯೇ. ಸ್ಯಾನ್ ಮೇಲೆ ಅಲ್ಲಿ ಸಾಮಾನ್ಯವಾಗಿ ಬಳಸುವುದು ಎಲ್‌ವಿಎಂ, ಅಂದರೆ ಡಿಸ್ಕನ್ನು ಭಾಗ ಮಾಡಿ ಕೊಡುವ ಲಿನಕ್ಸ್ ವ್ಯವಸ್ಥೆ. ಲೈವ್ ಮೈಗ್ರೇಶನ್ (ಓಡುತ್ತಿರುವ ವಿಎಂ ಅನ್ನು ಇನ್ನೊಂದು ಸರ್ವರ್‌ಗೆ ಸಾಗಿಸುವುದು) ಆಗುತ್ತದೆ, ಎಚ್‌ಎ (ಸರ್ವರ್ ಸತ್ತರೆ ವಿಎಂ ತಾನಾಗಿ ಇನ್ನೊಂದರಲ್ಲಿ ಏಳುವುದು) ಆಗುತ್ತದೆ, ಬ್ಯಾಕಪ್ ಕೂಡ ಆಗುತ್ತದೆ. ಸ್ನ್ಯಾಪ್‌ಶಾಟ್ (ಬೇಕಾದಾಗ ಹಿಂದಕ್ಕೆ ಹೋಗಲು ವಿಎಂನ ಆ ಕ್ಷಣದ ಸ್ಥಿತಿ ಹಿಡಿದಿಡುವುದು) ಮಾತ್ರ ಇರಲಿಲ್ಲ. 2025ರ ಆಗಸ್ಟ್‌ನಲ್ಲಿ ಬಂದ 9ನೇ ಆವೃತ್ತಿಯಲ್ಲಿ ಅದು ಸೇರಿತು, ಆದರೆ ಪ್ರಾಯೋಗಿಕ ಅನ್ನುವ ಹಣೆಪಟ್ಟಿಯೊಂದಿಗೆ. ಪ್ರತಿ ಅಪ್‌ಡೇಟ್‌ಗೆ ಮುಂಚೆ ಸ್ನ್ಯಾಪ್‌ಶಾಟ್ ಹೊಡೆದು ನೆಮ್ಮದಿಯಾಗಿರುವ ಅಭ್ಯಾಸ ನಿಮಗಿದ್ದರೆ ಇದು ಸಣ್ಣ ವಿಷಯವಲ್ಲ.

ಸ್ಯಾನ್ ಹಳೆಯದಾಗಿದ್ದು ಹೇಗೂ ಬದಲಿಸುವ ಯೋಚನೆ ಇದ್ದರೆ ಮಾತು ಬೇರೆ. ಆಗ ಎರಡೂ ಸರ್ವರ್‌ಗೆ ಒಳಗೇ ಡಿಸ್ಕ್ ಹಾಕಿ, ಝಡ್‌ಎಫ್‌ಎಸ್ ಅನ್ನುವ ಫೈಲ್ ಸಿಸ್ಟಮ್ ಮೇಲೆ ಕೂರಿಸಿ, ಒಂದರಿಂದ ಇನ್ನೊಂದಕ್ಕೆ ರೆಪ್ಲಿಕೇಶನ್ (ಡೇಟಾದ ನಕಲು ಕಳಿಸುವುದು) ಇಡಬಹುದು. ಪ್ರಾಕ್ಸ್‌ಮಾಕ್ಸ್‌ನಲ್ಲಿ ಇದು ಹದಿನೈದು ನಿಮಿಷಕ್ಕೊಮ್ಮೆ ಓಡುವಂತೆ ಮೊದಲೇ ಇರುತ್ತದೆ, ಒಂದು ನಿಮಿಷಕ್ಕೂ ಇಳಿಸಬಹುದು. ಸರ್ವರ್ ಸತ್ತರೆ ಕೊನೆಯ ಆ ಕೆಲವು ನಿಮಿಷಗಳ ಡೇಟಾ ಹೋಗುತ್ತದೆ. ಮಾಲೀಕರಿಗೆ ಇದು ಒಪ್ಪಿಗೆಯಾ ಅಂತ ಲಿಖಿತವಾಗಿ ಕೇಳಿಕೊಳ್ಳಿ. ಒಂದು ನಿಮಿಷವೂ ಕಳೆಯಬಾರದು ಅಂದರೆ ಸೆಫ್‌ನಂಥದ್ದು ಬೇಕು, ಅಂದರೆ ಬರೆದದ್ದನ್ನೆಲ್ಲ ಆಗಲೇ ಹಲವು ಸರ್ವರ್‌ಗಳಲ್ಲಿ ಇಡುವ ಸ್ಟೋರೇಜ್. ಅದಕ್ಕೆ ಕನಿಷ್ಠ ಮೂರು ಸರ್ವರ್, ಜೊತೆಗೆ ವೇಗದ ನೆಟ್‌ವರ್ಕ್. ನಿಮ್ಮ ಗಾತ್ರಕ್ಕೆ ಅದನ್ನು ನಾನು ಹೇಳುವುದಿಲ್ಲ.

ಒಳಗೆ ಡಿಸ್ಕ್ ಹಾಕುವಾಗ ಒಂದು ಮಾತು. ಅಂಗಡಿಯಲ್ಲಿ ಲ್ಯಾಪ್‌ಟಾಪ್‌ಗೆ ಮಾರುವ ಎಸ್‌ಎಸ್‌ಡಿ ಬೇಡ. ಕರೆಂಟ್ ಹೋದಾಗ ಒಳಗಿನ ಡೇಟಾ ಕಾಪಾಡುವ ಕೆಪಾಸಿಟರ್ ಅದರಲ್ಲಿ ಇರುವುದಿಲ್ಲ. ಅದಕ್ಕೇ ಡೇಟಾಬೇಸ್ ಮಾಡುವಂಥ ಸಿಂಕ್ ರೈಟ್ (ಡಿಸ್ಕ್‌ಗೆ ಬರೆದಾಯಿತು ಅನ್ನುವ ಖಾತ್ರಿಗೆ ಕಾಯುವ ಬರಹ) ಬಂದಾಗ ಅದು ತೆವಳುತ್ತದೆ. ಅಗ್ಗದ ಆಸೆಗೆ ಮುಗ್ಗಿದ ಜೋಳ ಕೊಂಡ ಹಾಗೆ ಆಗುತ್ತದೆ. ಹಾಗೆಯೇ ಝಡ್‌ಎಫ್‌ಎಸ್ ಬಳಸುವುದಾದರೆ ಡಿಸ್ಕ್ ಜೋಡಿಸುವ ರೇಡ್ ಕಾರ್ಡನ್ನು ಎಚ್‌ಬಿಎ ಮೋಡ್‌ಗೆ (ನಡುವೆ ಬರದೆ ಡಿಸ್ಕ್‌ಗಳನ್ನು ಹಾಗೇ ಕೊಡುವ ಕ್ರಮ) ಹಾಕಿ, ಡಿಸ್ಕ್‌ಗಳನ್ನು ಝಡ್‌ಎಫ್‌ಎಸ್ ನೇರವಾಗಿ ನೋಡಬೇಕು.

ಎರಡೇ ಸರ್ವರ್ ಇದ್ದಾಗ ಇನ್ನೊಂದು ತೊಡಕು. ನಡುವಿನ ಕೇಬಲ್ ಕಿತ್ತರೆ ಯಾರು ಬದುಕಿದ್ದಾರೆ, ಯಾರು ಸತ್ತಿದ್ದಾರೆ ಅಂತ ಇಬ್ಬರಿಗೂ ಗೊತ್ತಾಗುವುದಿಲ್ಲ. ಅದಕ್ಕೆ ಮೂರನೇ ಮತ ಬೇಕು. ಪ್ರಾಕ್ಸ್‌ಮಾಕ್ಸ್‌ನಲ್ಲಿ ಮೂಲೆಯಲ್ಲಿರುವ ಯಾವುದಾದರೂ ಸಣ್ಣ ಲಿನಕ್ಸ್ ಪಿಸಿಯನ್ನು ಆ ಮತ ಹಾಕುವ ಕ್ಯೂಡಿವೈಸ್ ಮಾಡಬಹುದು. ಹೈಪರ್-ವಿಯಲ್ಲಿ ಸ್ಯಾನ್‌ನ ಒಂದು ಸಣ್ಣ ಲನ್ ಅಥವಾ ಬೇರೆ ಯಂತ್ರದ ಫೈಲ್ ಶೇರ್ ಅದೇ ಕೆಲಸದ ವಿಟ್ನೆಸ್ ಆಗುತ್ತದೆ. ಆ ವಿಟ್ನೆಸ್ಸನ್ನು ಅದೇ ಕ್ಲಸ್ಟರ್‌ನ ವಿಎಂ ಒಳಗೆ ಇಡುವವರೂ ಇದ್ದಾರೆ, ಏನು ಹೇಳೋಣ! ಎಚ್‌ಎ ಇದ್ದರೆ ವಿಎಂ ನಿಲ್ಲುವುದೇ ಇಲ್ಲ ಅಂತಲೂ ಯಾರಿಗೂ ಹೇಳಬೇಡಿ. ಸರ್ವರ್ ಸತ್ತರೆ ವಿಎಂ ಇನ್ನೊಂದರಲ್ಲಿ ಹೊಸದಾಗಿ ಬೂಟ್ ಆಗುತ್ತದೆ, ಅಷ್ಟೇ.

ಪರೀಕ್ಷೆಯನ್ನು ನಿಮ್ಮದೇ ವಿಎಂಗಳ ಮೇಲೆ ಮಾಡಿ. ಒಂದು ಹಳೆಯ ಸರ್ವರ್ ಹೊಂದಿಸಿಕೊಳ್ಳಿ, ಡೀಲರ್ ಹತ್ತಿರ ಬಾಡಿಗೆಗೂ ಸಿಗುತ್ತದೆ. ನಿನ್ನೆಯ ಬ್ಯಾಕಪ್‌ನಿಂದ ನಿಮ್ಮ ಇಆರ್‌ಪಿಯ ಎಸ್‌ಕ್ಯುಎಲ್ ಸರ್ವರ್ ವಿಎಂ, ಟ್ಯಾಲಿ ವಿಎಂ ಎರಡನ್ನೂ ಅದರಲ್ಲಿ ಎಬ್ಬಿಸಿ. ಆಫೀಸ್ ನೆಟ್‌ವರ್ಕ್‌ಗೆ ಮಾತ್ರ ಸೇರಿಸಬೇಡಿ, ಒಂದೇ ಹೆಸರಿನ ಎರಡು ಸರ್ವರ್ ಎದ್ದರೆ ಗೋಳು. ತಿಂಗಳ ಕೊನೆಯ ರಿಪೋರ್ಟ್ ಅಲ್ಲಿ ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆ ನೋಡಿ. ದೊಡ್ಡ ಫೈಲ್ ಕಾಪಿ ಮಾಡಿ ವೇಗ ಅಳೆಯುವುದು ಸುಮ್ನೆ, ಅದು ಕ್ಯಾಶ್ ತೋರಿಸುತ್ತದೆ. ಲಿನಕ್ಸ್‌ನಲ್ಲಿ ಫಿಯೋ (fio), ವಿಂಡೋಸ್‌ನಲ್ಲಿ ಡಿಸ್ಕ್‌ಸ್ಪಿಡಿ (DiskSpd) ಅನ್ನುವ ಡಿಸ್ಕ್ ವೇಗ ಅಳೆಯುವ ಸಾಧನ ಬಳಸಿ, ಸಣ್ಣ ಬ್ಲಾಕ್ ಸಿಂಕ್ ರೈಟ್ ಎಷ್ಟು ತಡವಾಗುತ್ತದೆ ನೋಡಿ.

ಆಮೇಲೆ ಮುರಿಯಿರಿ. ರಿಪೋರ್ಟ್ ಓಡುತ್ತಿರುವಾಗಲೇ ಪವರ್ ಕೇಬಲ್ ಕಿತ್ತುಹಾಕಿ. ಒಂದು ಡಿಸ್ಕ್ ಎಳೆಯಿರಿ, ಯಾರಿಗಾದರೂ ಮೇಲ್ ಬಂತಾ ನೋಡಿ. ವಿಎಂ ಪೂರ್ತಿ ಅಳಿಸಿ ಬ್ಯಾಕಪ್‌ನಿಂದ ತನ್ನಿ, ಗಡಿಯಾರ ಹಿಡಿಯಿರಿ. ಒಂದೇ ಒಂದು ಎಕ್ಸೆಲ್ ಫೈಲ್ ವಾಪಸ್ ತನ್ನಿ, ಕಚೇರಿಯಲ್ಲಿ ದಿನಾ ಕೇಳುವುದು ಅದನ್ನೇ. ಇದನ್ನೆಲ್ಲ ನೀವು ಮಾಡಬೇಡಿ, ನಿಮ್ಮ ಕೈಕೆಳಗಿನ ಹುಡುಗನೋ ಹುಡುಗಿಯೋ ಮಾಡಲಿ. ನೀವು ರಜೆಯಲ್ಲಿ ಊರಿಗೆ ಹೋದಾಗ ಕೂರುವವರು ಅವರೇ. ಅವರಿಗೆ ಯಾವುದರಲ್ಲಿ ಕೈ ಸಲೀಸಾಗಿ ಓಡುತ್ತದೋ ಅದಕ್ಕೆ ನಾನು ಬೇರೆ ಎಲ್ಲ ಅಂಶಗಳಿಗಿಂತ ಜಾಸ್ತಿ ಅಂಕ ಕೊಡುತ್ತೇನೆ.

ಬ್ಯಾಕಪ್ ಸಾಫ್ಟ್‌ವೇರ್ ಈಗ ಯಾವುದು ಬಳಸುತ್ತೀರಿ ಅಂತ ನೀವು ಬರೆದಿಲ್ಲ. ವೀಮ್ ಆಗಿದ್ದರೆ ಹೈಪರ್-ವಿಗೆ ಬಹಳ ವರ್ಷಗಳಿಂದ ಇದೆ, ಪ್ರಾಕ್ಸ್‌ಮಾಕ್ಸ್‌ಗೆ 2024ರ ಆಗಸ್ಟ್‌ನಿಂದ ಬಂದಿದೆ. ಪ್ರಾಕ್ಸ್‌ಮಾಕ್ಸ್‌ನವರದೇ ಬ್ಯಾಕಪ್ ಸರ್ವರ್ ಕೂಡ ಚೆನ್ನಾಗಿದೆ. ಬದಲಾದ ಬ್ಲಾಕ್ ಮಾತ್ರ ಕಳಿಸುವುದರಿಂದ ದಿನದ ಬ್ಯಾಕಪ್ ಬೇಗ ಮುಗಿಯುತ್ತದೆ.

ಭದ್ರತೆಯನ್ನೂ ಇದೇ ಪರೀಕ್ಷೆಯಲ್ಲಿ ಸೇರಿಸಿ. 2023ರ ಫೆಬ್ರವರಿಯಲ್ಲಿ ಇಎಸ್‌ಎಕ್ಸ್‌ಐ ಆರ್ಗ್ಸ್ ಅನ್ನುವ ರ‍್ಯಾನ್ಸಮ್‌ವೇರ್ ಜಗತ್ತಿನಾದ್ಯಂತ ಇಎಸ್‌ಎಕ್ಸ್‌ಐ (ವಿಎಂವೇರ್‌ನ ಹೈಪರ್‌ವೈಸರ್) ಓಡುವ ಸಾವಿರಾರು ಸರ್ವರ್ ಕೆಡಿಸಿತು. ಅದು ಬಳಸಿದ ತೂತು ಅಂತ ಹೇಳಲಾದದ್ದಕ್ಕೆ ಪ್ಯಾಚ್ ಬಂದು ಆಗಲೇ ಎರಡು ವರ್ಷ ಆಗಿತ್ತು. ಪ್ಯಾಚ್ ಹಾಕುವುದು ಎಷ್ಟು ಸುಲಭ, ಆಗ ವಿಎಂ ನಿಲ್ಲಿಸಬೇಕಾ ಅನ್ನುವುದನ್ನು ಕೈಯಾರೆ ಮಾಡಿ ನೋಡಬೇಕು ಅನ್ನುವುದು ಇದಕ್ಕೇ. ಮ್ಯಾನೇಜ್‌ಮೆಂಟ್ ಪುಟ ಬೇರೆ ವಿಎಲ್ಯಾನ್‌ನಲ್ಲಿ (ಪ್ರತ್ಯೇಕಿಸಿದ ನೆಟ್‌ವರ್ಕ್ ಭಾಗ) ಇರಲಿ. ಬ್ಯಾಕಪ್ ಸರ್ವರ್ ಅನ್ನು ಕಚೇರಿಯ ಡೊಮೇನ್‌ಗೆ (ಎಲ್ಲರ ಲಾಗಿನ್ ಒಂದೇ ಕಡೆ ನೋಡಿಕೊಳ್ಳುವ ವಿಂಡೋಸ್ ವ್ಯವಸ್ಥೆ) ಸೇರಿಸಬೇಡಿ. ಡೊಮೇನ್ ಅಡ್ಮಿನ್ ಪಾಸ್‌ವರ್ಡ್ ಕಳುವಾದ ದಿನ ಬ್ಯಾಕಪ್ ಉಳಿಯುವುದು ಹಾಗಿದ್ದರೆ ಮಾತ್ರ.

ಸಾಗಿಸುವಾಗಿನ ಸಣ್ಣಪುಟ್ಟ ವಿಷಯಗಳೂ ಇವೆ. ಪ್ರಾಕ್ಸ್‌ಮಾಕ್ಸ್‌ನಲ್ಲಿ ಇಎಸ್‌ಎಕ್ಸ್‌ಐನಿಂದ ನೇರವಾಗಿ ವಿಎಂ ಎಳೆದುಕೊಳ್ಳುವ ವ್ಯವಸ್ಥೆ 2024ರಿಂದ ಇದೆ. ವಿಂಡೋಸ್ ವಿಎಂಗೆ ವರ್ಟ್‌ಐಒ ಡ್ರೈವರ್ (ಕೆವಿಎಂ ಕೊಡುವ ಡಿಸ್ಕ್, ನೆಟ್‌ವರ್ಕ್ ಬಳಸಲು ಬೇಕಾದದ್ದು) ಮೊದಲೇ ಹಾಕಿ, ಮೊದಲ ಬೂಟ್ ಸಾಟಾ ಡಿಸ್ಕ್ ಆಗಿ ಮಾಡಿಸಿ, ಆಮೇಲೆ ಬದಲಿಸಿ. ಇಲ್ಲದಿದ್ದರೆ ನೀಲಿ ಪರದೆ. ನೆಟ್‌ವರ್ಕ್ ಕಾರ್ಡ್ ಬದಲಾಗುವುದರಿಂದ ಸ್ಥಿರ ಐಪಿ ಹೋಗುತ್ತದೆ, ಬರೆದಿಟ್ಟುಕೊಳ್ಳಿ. ಕ್ಯಾಡ್ ಸಾಫ್ಟ್‌ವೇರ್‌ಗಳ ಲೈಸೆನ್ಸ್ ಎಷ್ಟೋ ಸಲ ಮ್ಯಾಕ್ ವಿಳಾಸಕ್ಕೆ ಕಟ್ಟಿರುತ್ತದೆ, ಹಳೆಯ ವಿಳಾಸವನ್ನೇ ಹೊಸ ವಿಎಂಗೂ ಕೊಡಿ. ಲೈಸೆನ್ಸ್‌ಗೆ ಯುಎಸ್‌ಬಿ ಡಾಂಗಲ್ ಇದ್ದರೆ ಆ ವಿಎಂ ಒಂದೇ ಸರ್ವರ್‌ಗೆ ಅಂಟಿಕೊಳ್ಳುತ್ತದೆ. ಹೈಪರ್-ವಿಯಲ್ಲಂತೂ ಡಾಂಗಲನ್ನು ನೇರವಾಗಿ ವಿಎಂಗೆ ಕೊಡಲು ಆಗುವುದಿಲ್ಲ, ನೆಟ್‌ವರ್ಕ್ ಮೇಲೆ ಹಂಚುವ ಯುಎಸ್‌ಬಿ ಪೆಟ್ಟಿಗೆ ಬೇಕಾಗುತ್ತದೆ. ಡೊಮೇನ್ ಕಂಟ್ರೋಲರನ್ನು ಸಾಗಿಸುವ ಗೋಜಿಗೆ ಹೋಗದೆ ಹೊಸ ಕಡೆ ಹೊಸದನ್ನೇ ಎಬ್ಬಿಸಿ.

ಈಗ ನೀವು ನೇರವಾಗಿ ಕೇಳಿದ್ದಕ್ಕೆ. ಸ್ಯಾನ್ ಇನ್ನೂ ಮೂರು ನಾಲ್ಕು ವರ್ಷ ಓಡುವಂತಿದ್ದು, ವಿಂಡೋಸ್ ಲೈಸೆನ್ಸ್ ಸರಿಯಾಗಿದ್ದು, ಕಚೇರಿಯಲ್ಲಿ ಲಿನಕ್ಸ್ ಕಮಾಂಡ್‌ಗೆ ಹೆದರುವವರೇ ಜಾಸ್ತಿ ಇದ್ದರೆ ಹೈಪರ್-ವಿ. ಸ್ಯಾನ್ ಬದಲಿಸುವ ಹಂತದಲ್ಲಿದ್ದು, ಲಿನಕ್ಸ್ ಬಲ್ಲ ಒಬ್ಬರಾದರೂ ಇದ್ದರೆ ಪ್ರಾಕ್ಸ್‌ಮಾಕ್ಸ್, ಚಂದಾ ಸಮೇತ. ಚಂದಾ ಸಾಕೆಟ್ ಲೆಕ್ಕ, ನಿಮಗೆ ನಾಲ್ಕು ಬೇಕು, ಬೆಲೆ ಯೂರೋದಲ್ಲಿ. ಅವರ ಬೆಂಬಲ ಸಿಗುವುದು ವಿಯೆನ್ನಾದ ಕೆಲಸದ ವೇಳೆಯಲ್ಲಿ, ನಮಗೆ ಬೆಳಗ್ಗೆ ಒಂಬತ್ತಾದಾಗ ಅಲ್ಲಿ ಇನ್ನೂ ನಸುಕು. ಹಾಗಾಗಿ ಇಲ್ಲೇ ಓಡಿ ಬರುವ ಒಬ್ಬ ಪಾರ್ಟ್ನರ್ ಜೊತೆ ಎಎಂಸಿ (ವಾರ್ಷಿಕ ನಿರ್ವಹಣಾ ಒಪ್ಪಂದ) ಮಾಡಿಕೊಳ್ಳಿ. ಎಕ್ಸ್‌ಸಿಪಿ-ಎನ್‌ಜಿ ಕೆಟ್ಟದ್ದಲ್ಲ, ಆದರೆ ನಮ್ಮ ಕಡೆ ಅದನ್ನು ಬಲ್ಲವರು ಕಡಿಮೆ. ನುಟಾನಿಕ್ಸ್ ನನಗೆ ಇಷ್ಟ, ಆದರೆ ಈ ಗಾತ್ರಕ್ಕೆ ಅದರ ಲೈಸೆನ್ಸ್ ಮತ್ತು ಹೊಸ ಯಂತ್ರಗಳ ಖರ್ಚು ನೋಡಿದರೆ ವಿಎಂವೇರ್ ಬಿಟ್ಟ ಉದ್ದೇಶವೇ ಹೋಗುತ್ತದೆ.

ಈಗ ಇರುವ ವಿಎಂವೇರ್ ಆವೃತ್ತಿ ವಿಸ್ಫಿಯರ್ 7 ಆಗಿದ್ದರೆ ಅದರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 2ಕ್ಕೇ ಮುಗಿದಿದೆ, ತಡ ಮಾಡಬೇಡಿ. 8 ಆಗಿದ್ದರೆ 2027ರ ಅಕ್ಟೋಬರ್ ತನಕ ಇದೆ. ಆಗ ಒಂದು ವರ್ಷಕ್ಕೆ ಮಾತ್ರ ರಿನ್ಯೂ ಮಾಡಿಸಿ ನಿಧಾನವಾಗಿ ಸಾಗಿಸುವುದು ದುಬಾರಿ ಅನ್ನಿಸಿದರೂ ಲೆಕ್ಕ ಹಾಕಿ ನೋಡುವಂಥದ್ದೇ. ಸ್ಯಾನ್‌ನ ಮಾದರಿ, ಒಟ್ಟು ಡೇಟಾ ಎಷ್ಟು ಟಿಬಿ, ಬ್ಯಾಕಪ್ ಯಾವುದು, ವಿಂಡೋಸ್ ಲೈಸೆನ್ಸ್ ಒಇಎಂ (ಯಂತ್ರದ ಜೊತೆಗೇ ಬಂದದ್ದು) ಹೌದಾ ಅಲ್ಲವಾ, ಇಷ್ಟನ್ನು ಇದರ ಕೆಳಗೆ ಬರೆಯಿರಿ. ನೋಡಿ ಹೇಳುತ್ತೇನೆ.