ಹಳೇ ಬೈಕಿನ ವಾರವಾರದ ರಿಪೇರಿ

ಅಣ್ಣಾ, 2006ರ 100 ಸಿಸಿ ಗಾಡಿ ವಾರಕ್ಕೊಮ್ಮೆ ಕೈಕೊಡುತ್ತೆ, ಮಾರಿಬಿಡಲಾ ಅಂತ ಕೇಳಿದ್ದೀರಿ. ಎಂಜಿನ್ ಹೊಗೆ ಬಿಡ್ತಿಲ್ಲ ಅಂದ್ರೆ ಮಾರಬೇಡಿ. ನನ್ನದೂ ಅದೇ ವಯಸ್ಸಿನ ಗಾಡಿ. ದಿನಾ ಧಾರವಾಡದಿಂದ ಹುಬ್ಬಳ್ಳಿಗೆ, ಹತ್ತಿರ ಹತ್ತಿರ 20 ಕಿ.ಮೀ. ಓಡುತ್ತೆ.

ಒಂದೊಂದೇ ಸಾಮಾನು ಹಾಕಿಸ್ತಾ ಹೋದರೆ ಮುಗಿಯೋದೇ ಇಲ್ಲ. ಕೇಬಲ್, ರಬ್ಬರ್ ಎಲ್ಲಾ ಒಂದೇ ವಯಸ್ಸಿನವು ಅಲ್ವಾ? ಕ್ಲಚ್ ಮತ್ತು ಆಕ್ಸಿಲರೇಟರ್ ಕೇಬಲ್, ಪೆಟ್ರೋಲ್ ಪೈಪ್ ಒಂದೇ ದಿನ ಬದಲಾಯಿಸಿಬಿಡಿ.

ಮಳೆ ಬಂದರೆ ಹಾರ್ನ್, ಇಂಡಿಕೇಟರ್ ನಿಲ್ಲುತ್ತೆ ಅಂದ್ರಲ್ಲ, ಸುಮ್ನೆ ಬಲ್ಬಿಗೆ ದುಡ್ಡು ಹಾಕಬೇಡಿ. ಮೊದಲು ಅರ್ತ್ ವೈರ್, ಅಂದ್ರೆ ಬ್ಯಾಟರಿ ಮೈನಸ್‌ನಿಂದ ಫ್ರೇಮಿಗೆ ಹೋಗೋ ವೈರ್ ನೋಡಿ. ಧಾರವಾಡದ ಜಿಟಿಜಿಟಿ ಮಳೆಗೆ ನನ್ನ ಗಾಡೀಲಿ ಆ ವೈರ್ ಫ್ರೇಮಿಗೆ ಕೂರುವ ಬೋಲ್ಟ್ ಸುತ್ತ ಹಸಿರು ಪುಡಿ ಕಟ್ಟಿತ್ತು. ಬ್ಯಾಟರಿ ಮೈನಸ್ ಬಿಚ್ಚಿಟ್ಟು, ಪಾಲಿಶ್ ಪೇಪರಿನಿಂದ ತಾಮ್ರ ಮಿಂಚುವವರೆಗೂ ಉಜ್ಜಿದೆ. ಬೋಲ್ಟ್ ಬಿಗಿದು ಮೇಲೆ ವ್ಯಾಸಲಿನ್ ಹಚ್ಚಿದೆ. ಎರಡು ತಿಂಗಳ ಕಿರಿಕಿರಿ ಹತ್ತು ನಿಮಿಷದಲ್ಲಿ ಹೋಯ್ತು, ನಿಜವಾಗ್ಲೂ ಖುಷಿಯಾಯ್ತು.

ಹಳೇ ಕ್ಲಚ್ ಕೇಬಲ್ ಎಸೀಬೇಡಿ. ಲಿವರ್ ಹತ್ತಿರ ಎಳೆ ಬಿಟ್ಟಿಲ್ಲ ಅಂದ್ರೆ ಎಣ್ಣೆ ಬಿಟ್ಟು ಸೀಟಿನ ಕೆಳಗೆ ಇಟ್ಟುಕೊಳ್ಳಿ, ದಾರೀಲಿ ಹೊಸದು ಕಟ್ಟಾದರೆ ಬೇಕಾಗುತ್ತೆ. ಆರ್‌ಸಿ ತಾರೀಖನ್ನೂ ನೋಡಿ, 15 ವರ್ಷದ ನಂತರ 5 ವರ್ಷಕ್ಕೊಮ್ಮೆ ರಿನ್ಯೂವಲ್ ಮಾಡಿಸಬೇಕು.