ಘಟ್ಟದ ಚಾರಣಕ್ಕೆ ಕನ್ನಡಿ ಕಂಪಾಸ್ ಬೇಕಾ?

ಘಟ್ಟದ ಚಾರಣಕ್ಕೆ ಕನ್ನಡಿ ಇರುವ ಕಂಪಾಸಿಗೆ ಜಾಸ್ತಿ ದುಡ್ಡು ಕೊಡಬೇಕಾ ಅಂತ ಕೇಳಿದ್ದೀರಿ. ದಟ್ಟ ಕಾಡಾದರೆ ಸಾದಾದೇ ಸಾಕು. ಹತ್ತು ಮರದಾಚೆ ಏನೂ ಕಾಣದಿದ್ದಾಗ ಗುರಿ ಹಿಡಿಯುವುದು, ಅಂದರೆ ದೂರದ ಗುರುತು ನೋಡಿ ದಿಕ್ಕು ಅಳೆಯುವುದು, ಯಾವುದಕ್ಕೆ? ಬೋಳು ಗುಡ್ಡದ ಮೇಲೆ ಕನ್ನಡಿ ಕೆಲಸಕ್ಕೆ ಬರುತ್ತದೆ. ಕನ್ನಡಿ ಮುಚ್ಚಳದ ಕಚ್ಚಿನಲ್ಲಿ ದೂರದ ಶಿಖರ, ಕನ್ನಡಿಯಲ್ಲಿ ಮುಳ್ಳು, ಎರಡೂ ಒಟ್ಟಿಗೆ ಕಾಣುತ್ತವೆ. ದಿಕ್ಕು 5 ಡಿಗ್ರಿ ತಪ್ಪಿದರೆ ಕಿಲೋಮೀಟರಿಗೆ ಸುಮಾರು 87 ಮೀಟರ್ ಪಕ್ಕಕ್ಕೆ ಹೋಗುತ್ತೀರಿ, ಅದು ಕಡಿಮೆಯೇನಲ್ಲ.

ಆದರೆ ಕೊಳ್ಳುವಾಗ ಕನ್ನಡಿಗಿಂತ ಮೊದಲು ಮುಳ್ಳು ನೋಡಿ. ಯುರೋಪಿಗೆಂದು ತೂಗಿಸಿದ ಮುಳ್ಳು ನಮ್ಮಲ್ಲಿ ಒಂದು ಕಡೆ ವಾಲಿ ಉಜ್ಜಬಹುದು. ಸುಂಟೊ ಕಂಪನಿಯ ಕನ್ನಡಿ ಕಂಪಾಸ್ ಎಂಸಿ-2 ಆದರೆ ಹೆಸರಿನ ಕೊನೆಗೆ 'ಜಿ' ಇರುವುದನ್ನೇ ತಗೊಳ್ಳಿ, ಅದರ ಮುಳ್ಳು ಎಲ್ಲ ಕಡೆಗೂ ಆಗುತ್ತದೆ. ಡಿಕ್ಲಿನೇಷನ್ (ಮುಳ್ಳಿನ ಉತ್ತರಕ್ಕೂ ನಿಜವಾದ ಉತ್ತರಕ್ಕೂ ಇರುವ ವ್ಯತ್ಯಾಸ) ಸರಿಮಾಡುವ ಸ್ಕ್ರೂಗೆ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ, ಕರ್ನಾಟಕದಲ್ಲಿ ಆ ವ್ಯತ್ಯಾಸ 1-2 ಡಿಗ್ರಿ ಅಷ್ಟೇ. ಹಾಂ, ಗುರಿ ಹಿಡಿಯುವಾಗ ಮೊಬೈಲ್ ದೂರ ಇರಲಿ.