ಯುಗಾದಿ ರಾತ್ರಿಯ ಏಳು ಒಬ್ಬಟ್ಟು

ಇದು ಚಿಕ್ಕಬಳ್ಳಾಪುರದ ಒಬ್ಬ ಸೈಕಲ್ ಸವಾರರ ಪ್ರಕರಣ. ಬರೆಯಲು ಅವರ ಒಪ್ಪಿಗೆ ಇದೆ. ಹೆಸರು, ಕೆಲಸ, ಮನೆಯ ಕೆಲವು ವಿವರಗಳನ್ನು ಗುರುತು ಸಿಗದಂತೆ ಬದಲಿಸಿದ್ದೇನೆ. ಇಲ್ಲಿ ಅವರನ್ನು ಮುನಿರಾಜು ಎಂದು ಕರೆಯುತ್ತೇನೆ.

ಅವರಿಗೆ 43 ವರ್ಷ, ತೂಕ 68 ಕೆ.ಜಿ. ವಾರಕ್ಕೆ ಐದು ದಿನ ಬೆಳಿಗ್ಗೆ 5 ಗಂಟೆಗೆ ಸೈಕಲ್ ಹತ್ತಿ ಮುದ್ದೇನಹಳ್ಳಿ ಕಡೆ ಹೋಗಿ ಬರುತ್ತಾರೆ. ಭಾನುವಾರ ಮಾತ್ರ ನಂದಿ ಗ್ರಾಮದ ಭೋಗನಂದೀಶ್ವರನ ಗುಡಿ ದಾಟಿ ಬೆಟ್ಟಕ್ಕೆ. 1,478 ಮೀಟರ್ ಎತ್ತರದ ಆ ಬೆಟ್ಟವನ್ನು ಎಲ್ಲೂ ಕಾಲು ನೆಲಕ್ಕಿಡದೆ ಹತ್ತಬಲ್ಲವರು. ಆಪ್ತಸಲಹೆಗೆಂದು ನನ್ನ ಹತ್ತಿರ ಬಂದದ್ದು ಯುಗಾದಿ ಆದ ಮೂರನೇ ದಿನ, ಹೆಂಡತಿಯ ಜೊತೆ.

ಹಬ್ಬದ ದಿನ ಎಲೆಯ ಮುಂದೆ ಕೂತು ಬೇವು ಮಾತ್ರ ತಿಂದು ಒಬ್ಬಟ್ಟನ್ನು ಬೇಡ ಅಂದಿದ್ದರು. ತಾಯಿ ಎರಡು ಸಲ ಬಡಿಸಲು ಬಂದರೂ ಎಲೆಗೆ ಕೈ ಅಡ್ಡ ಹಿಡಿದಿದ್ದರು. ಅದೇ ರಾತ್ರಿ ಹನ್ನೊಂದೂವರೆಗೆ ಹೆಂಡತಿ ನೀರು ಕುಡಿಯಲು ಎದ್ದಾಗ, ಅಡುಗೆಮನೆಯ ಕತ್ತಲಲ್ಲಿ ಫ್ರಿಜ್ ಬಾಗಿಲು ತೆಗೆದುಕೊಂಡು ನಿಂತು ತಿನ್ನುತ್ತಿದ್ದರು. ಅಷ್ಟು ಹೊತ್ತಿಗೆ ಏಳು ಒಬ್ಬಟ್ಟು ಆಗಿತ್ತು. ಬಾಯಲ್ಲಿದ್ದುದನ್ನು ನುಂಗಲೂ ಆಗದೆ ಉಗುಳಲೂ ಆಗದೆ ನಿಂತುಬಿಟ್ಟರಂತೆ.

“ಬೆಟ್ಟ ಹತ್ತೋಕೆ ಆಗುತ್ತೆ ಮೇಡಂ, ಒಂದು ಡಬ್ಬಿ ಮುಚ್ಚಳ ತೆಗೀದೆ ಇರೋಕೆ ಆಗಲ್ಲ. ನಂಗೆ ಮನಸ್ಸೇ ಗಟ್ಟಿ ಇಲ್ಲ” ಅಂದರು.

ಅದು ಒಂದು ರಾತ್ರಿಯ ಮಾತಲ್ಲ. ಒಂದು ವರ್ಷದಿಂದ ಹೀಗೇ ನಡೆದಿತ್ತು. ಸಂಜೆ 4ಕ್ಕೆ ಬೇಕರಿಯ ದಿಲ್‌ಪಸಂದ್, ಇಲ್ಲವೇ ಹನಿಕೇಕ್. ರಾತ್ರಿ ಎಲ್ಲರೂ ಮಲಗಿದ ಮೇಲೆ ಬೆಲ್ಲದ ಅಚ್ಚು, ಮಕ್ಕಳ ಬಿಸ್ಕತ್ತು, ಏನೂ ಸಿಗದಿದ್ದರೆ ಚಮಚದಲ್ಲಿ ಸಕ್ಕರೆ. ಬೆಲ್ಲವಾದರೆ ತೊಂದರೆಯಿಲ್ಲ ಎಂದು ತಮಗೆ ತಾವೇ ಹೇಳಿಕೊಂಡಿದ್ದರು. ಬೆಲ್ಲದಲ್ಲಿ ಬಣ್ಣ, ಪರಿಮಳ, ಅಲ್ಪಸ್ವಲ್ಪ ಖನಿಜ ಇರುವುದು ನಿಜ, ಆದರೆ ಬಹುಪಾಲು ಅದೂ ಸುಕ್ರೋಸೇ, ಅಂದರೆ ಸಕ್ಕರೆಯಲ್ಲಿರುವುದೇ. ರಕ್ತಕ್ಕೆ ಇಳಿದ ಮೇಲೆ ಆಲೆಮನೆಯಿಂದ ಬಂದದ್ದೋ ಕಾರ್ಖಾನೆಯಿಂದ ಬಂದದ್ದೋ ಎಂದು ದೇಹ ಕೇಳುವುದಿಲ್ಲ.

ಮೊದಲ ಭೇಟಿಯಲ್ಲಿ ನಾನು ತಪ್ಪು ಮಾಡಿದೆ. ಇದನ್ನು ಚಟದ ಪ್ರಕರಣದಂತೆ ನೋಡಿದೆ. ಮನೆಯಿಂದ ಸಿಹಿಯನ್ನೆಲ್ಲ ತೆಗೆಸಿ, ಆಸೆ ಎದ್ದಾಗ 20 ನಿಮಿಷ ಕಾಯಿರಿ, ನೀರು ಕುಡಿಯಿರಿ, ಆಸೆ ಏರಿ ಇಳಿಯುವುದನ್ನು ಸುಮ್ಮನೆ ಗಮನಿಸಿ ಎಂದೆ. ಕೆಲವರಿಗೆ ಇದು ನಿಜಕ್ಕೂ ಕೆಲಸ ಮಾಡುತ್ತದೆ. ಆದರೆ ಬೆಳಿಗ್ಗೆ ಏನು ತಿಂದು ಸೈಕಲ್ ಹತ್ತುತ್ತೀರಿ ಎಂದು ನಾನು ಕೇಳಿರಲೇ ಇಲ್ಲ.

ಎರಡು ವಾರದ ನಂತರ ಬಂದಾಗ ಮುಖ ಇನ್ನೂ ಇಳಿದಿತ್ತು. ಮನೆಯಲ್ಲಿ ಏನೂ ಇಲ್ಲದ್ದರಿಂದ ಭಾನುವಾರ ಬೆಟ್ಟ ಇಳಿದು ಬರುವಾಗ ದಾರಿಯ ಅಂಗಡಿಯಲ್ಲಿ ಅರ್ಧ ಕೆ.ಜಿ. ಮೈಸೂರುಪಾಕು ಕಟ್ಟಿಸಿಕೊಂಡು, ಹೆಲ್ಮೆಟ್ಟನ್ನೂ ತೆಗೆಯದೆ, ರಸ್ತೆ ಬದಿಯ ಮರದ ಕೆಳಗೆ ನಿಂತು ಅಷ್ಟನ್ನೂ ತಿಂದಿದ್ದರು. ಸೋಮವಾರ ಅದನ್ನು ಕರಗಿಸಲೆಂದು ಮೂರು ಗಂಟೆ ಬರಿ ಹೊಟ್ಟೆಯಲ್ಲಿ ಪೆಡಲ್ ತುಳಿದಿದ್ದರು. ಸೋಮವಾರ ರಾತ್ರಿ ಮತ್ತೆ ತಿಂದಿದ್ದರು.

ಆಗ ಡೈರಿ ಬರೆಸಿದೆ. ಎಷ್ಟು ತಿಂದಿರಿ ಎನ್ನುವುದಕ್ಕಿಂತ ಎಷ್ಟು ಹೊತ್ತಿಗೆ ತಿಂದಿರಿ, ಹಿಂದಿನ ರಾತ್ರಿ ಎಷ್ಟು ನಿದ್ದೆ ಮಾಡಿದಿರಿ, ಆ ದಿನ ಎಷ್ಟು ಹೊತ್ತು ತುಳಿದಿರಿ ಎಂಬುದನ್ನು ಬರೆಯಲು ಹೇಳಿದೆ. ಹದಿನಾಲ್ಕು ದಿನದ ಡೈರಿಯಲ್ಲಿ ಒಂಬತ್ತು ರಾತ್ರಿ ಸಿಹಿ ಇತ್ತು. ಅದರಲ್ಲಿ ಏಳು, ಎರಡು ಗಂಟೆಗೂ ಹೆಚ್ಚು ಸೈಕಲ್ ತುಳಿದ ದಿನದ ರಾತ್ರಿಗಳು, ಇಲ್ಲವೇ ಐದು ಗಂಟೆಗಿಂತ ಕಡಿಮೆ ಮಲಗಿದ ಮಾರನೆಯ ರಾತ್ರಿಗಳು.

ಊಟದ ವಿವರ ಓದುವಾಗ ನನಗೆ ಸಂಕಟವಾಯಿತು. ಬರಿ ಹೊಟ್ಟೆಯಲ್ಲಿ ಸವಾರಿ. ವಾಪಸು ಬಂದು ಸಕ್ಕರೆಯಿಲ್ಲದ ಕಾಫಿ. ಹತ್ತು ಗಂಟೆಗೆ ಎರಡು ಮೊಟ್ಟೆ, ಸೌತೆಕಾಯಿ. ಮಧ್ಯಾಹ್ನ ಪಲ್ಯ, ಒಂದು ಬಟ್ಟಲು ಬೇಳೆ. ಮುದ್ದೆ ಇಲ್ಲ, ಅನ್ನ ಇಲ್ಲ. ಒಂದು ವರ್ಷದ ಹಿಂದೆ ಯಾವುದೋ ವಿಡಿಯೊ ನೋಡಿ ಎರಡನ್ನೂ ಬಿಟ್ಟಿದ್ದರು. ಸಿಹಿ ತಿನ್ನಲು ಶುರುವಾದದ್ದೂ ಒಂದು ವರ್ಷದ ಹಿಂದೆಯೇ. ಎರಡನ್ನೂ ಅವರು ಒಟ್ಟಿಗೆ ಇಟ್ಟು ನೋಡಿರಲಿಲ್ಲ.

ನಾನು ಆಹಾರ ತಜ್ಞೆಯಲ್ಲ, ಹಾಗಾಗಿ ಪರಿಚಯದ ಡಯೆಟಿಷಿಯನ್ ಒಬ್ಬರನ್ನು ಜೊತೆಗೆ ಸೇರಿಸಿಕೊಂಡೆ. ಅವರು ಲೆಕ್ಕ ಹಾಕಿದಾಗ ಮುನಿರಾಜು ಹಗಲಿನಲ್ಲಿ ತಿನ್ನುತ್ತಿದ್ದ ಕಾರ್ಬೋಹೈಡ್ರೇಟ್ (ಅನ್ನ, ಮುದ್ದೆ, ಹಣ್ಣು, ಸಿಹಿಯಲ್ಲಿರುವ ಪಿಷ್ಟ ಮತ್ತು ಸಕ್ಕರೆ) 120 ಗ್ರಾಂ ಕೂಡ ದಾಟಲಿಲ್ಲ. ದಿನಕ್ಕೆ ಒಂದು ಗಂಟೆಯಷ್ಟು ಇಂಥ ವ್ಯಾಯಾಮ ಮಾಡುವವರಿಗೇ ತೂಕದ ಪ್ರತಿ ಕೆ.ಜಿ.ಗೆ 5ರಿಂದ 7 ಗ್ರಾಂ ಬೇಕೆನ್ನುತ್ತಾರೆ. ಇವರ ತೂಕಕ್ಕೆ ಅದು 340 ಗ್ರಾಂನಿಂದ ಮೇಲೆ. ಕೊರತೆ ಬಿದ್ದದ್ದನ್ನು ದೇಹ ರಾತ್ರಿ ಹನ್ನೊಂದಕ್ಕೆ ವಸೂಲಿ ಮಾಡಿಕೊಳ್ಳುತ್ತಿತ್ತು.

ಇದನ್ನು ಅವರಿಗೆ ನೀರಿನ ಲೆಕ್ಕದಲ್ಲಿ ಹೇಳಿದೆ. ಬಯಲುಸೀಮೆಯವರಿಗೆ ಟ್ಯಾಂಕ್ ಖಾಲಿಯಾಗುವುದು ಅಂದರೇನೆಂದು ಬಿಡಿಸಿ ಹೇಳಬೇಕಿಲ್ಲ. ನಮ್ಮ ಪಿತ್ತಜನಕಾಂಗದಲ್ಲಿ ಸುಮಾರು 100 ಗ್ರಾಂ ಗ್ಲೈಕೋಜನ್, ಅಂದರೆ ದೇಹ ಕೂಡಿಟ್ಟ ಸಕ್ಕರೆ ಇರುತ್ತದೆ, ಮನೆ ಮೇಲಿನ ಟ್ಯಾಂಕಿನ ಹಾಗೆ. ರಾತ್ರಿಯಿಡೀ ಅದೇ ರಕ್ತಕ್ಕೆ ಸಕ್ಕರೆ ಬಿಡುತ್ತದೆ. ಮಿದುಳಿಗೇ ದಿನಕ್ಕೆ 120 ಗ್ರಾಂನಷ್ಟು ಗ್ಲೂಕೋಸ್ ಬೇಕು. ಬೆಳಿಗ್ಗೆ ಏಳುವ ಹೊತ್ತಿಗೆ ಟ್ಯಾಂಕ್ ಬಹಳ ಇಳಿದಿರುತ್ತದೆ. ತೊಡೆಯ ಸ್ನಾಯುಗಳಲ್ಲಿ ಇನ್ನೂ ದಾಸ್ತಾನು ಇರುತ್ತದಲ್ಲ ಎಂದು ಅವರು ಕೇಳಿದರು. ಇರುತ್ತದೆ, ಆದರೆ ಅದು ಪಕ್ಕದ ಹೊಲದ ಬೋರ್‌ವೆಲ್. ಆ ನೀರು ಆ ಹೊಲಕ್ಕೇ. ಸ್ನಾಯುವಿನ ಗ್ಲೈಕೋಜನ್ ರಕ್ತಕ್ಕೆ ಸಕ್ಕರೆಯಾಗಿ ವಾಪಸು ಬರುವುದಿಲ್ಲ. ಇಳಿದ ಟ್ಯಾಂಕಿನ ಮೇಲೆ ಎರಡು ಗಂಟೆ ತುಳಿದು, ಆಮೇಲೂ ತುಂಬಿಸದೆ ಬಿಟ್ಟರೆ ಮಿದುಳು ಬೇಗ ಸಿಗುವುದನ್ನೇ ಕೇಳುತ್ತದೆ. ಸೌತೆಕಾಯಿ ಕೇಳುವುದಿಲ್ಲ.

“ಅಂದ್ರೆ ನಾನು ಹಸಿದಿದ್ದೆ ಅಷ್ಟೇನಾ?” ಅಂದರು. ಹೆಂಡತಿ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಅಷ್ಟೇ ಅಲ್ಲ ಎನ್ನುವುದು ನನಗೂ ಆಗ ಗೊತ್ತಿರಲಿಲ್ಲ.

ರಕ್ತ ಪರೀಕ್ಷೆ ಮಾಡಿಸಲು ಹೇಳಿದೆ. ಅವರ ತಂದೆಗೆ ಸಕ್ಕರೆ ಕಾಯಿಲೆ ಇತ್ತು. ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ಮಟ್ಟ ತೋರಿಸುವ ಎಚ್‌ಬಿಎ1ಸಿ 5.5 ಬಂತು. 5.7ರ ಕೆಳಗಿದ್ದರೆ ಸಹಜ, 6.5 ಮುಟ್ಟಿದರೆ ಮಧುಮೇಹ. ಇದನ್ನು ಓದುವ ಯಾರಾದರೂ ಈಗಾಗಲೇ ಸಕ್ಕರೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದರೆ ಕೆಳಗಿನ ಸಲಹೆಯನ್ನು ದಯವಿಟ್ಟು ಹಾಗೇ ಪಾಲಿಸಬೇಡಿ. ವ್ಯಾಯಾಮದ ವೇಳೆ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ನಿಮ್ಮ ವೈದ್ಯರೇ ನಿಮಗೆ ಲೆಕ್ಕ ಹೇಳಬೇಕು.

ಸಲಹೆ ಹೀಗಿತ್ತು. ಸೈಕಲ್ ಹತ್ತುವ ಮುಂಚೆ ಒಂದು ಬಾಳೆಹಣ್ಣು, ಇಲ್ಲವೇ ಒಂದು ಲೋಟ ರಾಗಿ ಗಂಜಿ. ಒಂದೂವರೆ ಗಂಟೆ ದಾಟುವ ಸವಾರಿಯಾದರೆ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ದಾರಿಯಲ್ಲೇ ಹೋಗಬೇಕು. ಸಾಧಾರಣ ಗಾತ್ರದ ಒಂದು ಬಾಳೆಹಣ್ಣಿನಲ್ಲಿ 25 ಗ್ರಾಂನಷ್ಟು ಇರುತ್ತದೆ. ಜೇಬಿನಲ್ಲಿ ಕಡಲೆಕಾಯಿ ಚಿಕ್ಕಿ, ಬಾಟಲಿಯಲ್ಲಿ ಚಿಟಿಕೆ ಉಪ್ಪು ಹಾಕಿದ ನಿಂಬೆ ಪಾನಕ. ಸಕ್ಕರೆಗೆ ಹೆದರಿದವರಿಗೆ ಪಾನಕ ಕುಡಿಯಿರಿ ಎಂದರೆ ಗಾಬರಿಯಾಗುತ್ತದೆ, ಇವರಿಗೂ ಆಯಿತು. ಬೆಟ್ಟದ ಏರಿನಲ್ಲಿ ಕುಡಿದ ಪಾನಕ ಅಲ್ಲೇ ಕೆಲಸಕ್ಕೆ ಹೋಗುತ್ತದೆ. ಹೊಟ್ಟೆ ತುಂಬ ಉಂಡು ಕೂತ ಮೇಲೆ ತಿಂದ ಸಿಹಿಯ ಲೆಕ್ಕ ಬೇರೆ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ ಸಕ್ಕರೆಯ ಮಿತಿ ಈ ಎರಡನೆಯ ಲೆಕ್ಕಕ್ಕೆ ನೆನಪಿರಲಿ ಎಂದೆ: ದಿನದ ಶಕ್ತಿಯ ಶೇ. 10ಕ್ಕಿಂತ ಕಡಿಮೆ, ಅಂದರೆ 2,000 ಕ್ಯಾಲೊರಿ ಊಟಕ್ಕೆ 50 ಗ್ರಾಂ ಒಳಗೆ. 25 ಗ್ರಾಂಗೆ ಇಳಿದರೆ ಇನ್ನೂ ಒಳ್ಳೆಯದು. ಅದರಲ್ಲಿ ಬೆಲ್ಲವೂ ಸೇರಿತು, ಜೇನೂ ಸೇರಿತು.

ವಾಪಸು ಬಂದ ಒಂದು ಗಂಟೆಯೊಳಗೆ ಸರಿಯಾದ ತಿಂಡಿ, ಮೊಟ್ಟೆ ಅದರ ಜೊತೆಗಿರಲಿ. ಮಧ್ಯಾಹ್ನ ಮುದ್ದೆ ವಾಪಸು ಬರಲಿ. 100 ಗ್ರಾಂ ರಾಗಿ ಹಿಟ್ಟಿನ ಮುದ್ದೆಯಲ್ಲಿ 70 ಗ್ರಾಂನಷ್ಟು ಕಾರ್ಬೋಹೈಡ್ರೇಟ್ ಇರುತ್ತದೆ. ಬಸ್ಸಾರೋ ಉಪ್ಸಾರೋ ಕಾಳಿನದ್ದಾಗಿದ್ದರೆ ಪ್ರೋಟೀನೂ ಸಿಕ್ಕಿತು. ಸಂಜೆ 4ಕ್ಕೆ ಬೇಕರಿಗೆ ಮೊದಲು ಒಂದು ಬಟ್ಟಲು ಕಾಳಿನ ಉಸಲಿ ಇಲ್ಲವೇ ಬೇಯಿಸಿದ ಕಡಲೆಕಾಯಿ, ಆಮೇಲೂ ಬೇಕೆನಿಸಿದರೆ ಬೇಕರಿಗೆ ಹೋಗಿ. ನಿದ್ದೆ ಆರು ಗಂಟೆಗಿಂತ ಕಡಿಮೆಯಾದ ಬೆಳಿಗ್ಗೆ ಸೈಕಲ್ ಮುಟ್ಟಬೇಡಿ. ನಿದ್ದೆಗೆಟ್ಟಾಗ ಹಸಿವು ಹೆಚ್ಚಿಸುವ ಗ್ರೆಲಿನ್ ಹಾರ್ಮೋನ್ ಏರುತ್ತದೆ, ಸಾಕು ಎನ್ನುವ ಲೆಪ್ಟಿನ್ ಇಳಿಯುತ್ತದೆ, ಸಿಹಿಯ ಮೇಲೆ ಮನಸ್ಸು ಹೆಚ್ಚು ಓಡುತ್ತದೆ.

ಇದರಲ್ಲಿ ಅವರು ಒಪ್ಪದೇ ಹಟ ಹಿಡಿದದ್ದು ಕೊನೆಯದಕ್ಕೆ. ನಾನು ಗಟ್ಟಿಯಾಗಿ ನಿಂತದ್ದು ಇನ್ನೊಂದಕ್ಕೆ: ರಾತ್ರಿ ತಿಂದದ್ದಕ್ಕೆ ಬೆಳಿಗ್ಗೆ ಸೈಕಲ್ ತುಳಿದು ದಂಡ ಕಟ್ಟಬಾರದು. ತಿಂದದ್ದು ತಿಂದಾಯಿತು. ಮಾರನೆಯ ದಿನದ ತಿಂಡಿ ಬಿಡಬಾರದು, ಸವಾರಿ ಉದ್ದ ಮಾಡಬಾರದು. ಈ ದಂಡವೇ ಮುಂದಿನ ರಾತ್ರಿಯ ಹಸಿವನ್ನು ತಯಾರು ಮಾಡುವುದು. ತಿಂದದ್ದನ್ನು ವಾಂತಿ ಮಾಡಿ ತೆಗೆಯುವುದು, ಜ್ವರದಲ್ಲೂ ನೋವಿನಲ್ಲೂ ವ್ಯಾಯಾಮ ಬಿಡಲಾಗದಿರುವುದು ಕಂಡರೆ ನನ್ನಂಥವರ ಆಪ್ತಸಲಹೆ ಸಾಲದು, ಮನೋವೈದ್ಯರನ್ನೇ ನೋಡಬೇಕು. ಎಲ್ಲಿಗೆ ಹೋಗುವುದೆಂದು ತೋಚದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಮನೆಯಲ್ಲಿ ಮುದ್ದೆ ವಾಪಸು ಬಂದಾಗ ನಡೆದದ್ದನ್ನು ಹೆಂಡತಿ ಹೇಳಿದರು. ಮಗ ಬಿಟ್ಟ ಮೇಲೆ ಅತ್ತೆ ತಮ್ಮೊಬ್ಬರಿಗೇ ಅಂತ ಚಿಕ್ಕ ಪಾತ್ರೆಯಲ್ಲಿ ಹಿಟ್ಟು ಬೇಯಿಸಿಕೊಳ್ಳುತ್ತಿದ್ದರು. ಆ ದಿನ ಏನೂ ಮಾತಾಡದೆ ಅಟ್ಟದ ಮೇಲಿಂದ ದೊಡ್ಡ ಪಾತ್ರೆ, ಮುದ್ದೆ ಕೋಲು ಇಳಿಸಿದರಂತೆ.

ಮೂರು ವಾರದಲ್ಲಿ ಸಂಜೆಯ ಬೇಕರಿ ತಾನಾಗಿ ನಿಂತಿತು. ಬೆಟ್ಟದ ಕೊನೆಯ ತಿರುವಿನಲ್ಲಿ ಕಾಲು ಸೋಲುತ್ತಿದ್ದುದೂ ಹೋಯಿತು. ರಾತ್ರಿಯದು ಮಾತ್ರ ಸ್ವಲ್ಪ ಇಳಿದು ಅಲ್ಲೇ ನಿಂತಿತು. ಹೊಟ್ಟೆ ತುಂಬಿದೆ, ನಿದ್ದೆ ಆಗಿದೆ, ಆದರೂ ವಾರಕ್ಕೆ ಮೂರು ರಾತ್ರಿ ಎಚ್ಚರವಾಗಿ ಅಡುಗೆಮನೆಗೆ ಹೋಗುತ್ತಿದ್ದರು. ಇದು ಟ್ಯಾಂಕಿನ ಲೆಕ್ಕಕ್ಕೆ ಬಗ್ಗಲಿಲ್ಲ.

ಐದನೇ ಭೇಟಿಗೆ ಒಬ್ಬರೇ ಬಂದರು. ಆ ಹೊತ್ತಿನಲ್ಲಿ ಅಡುಗೆಮನೆಯಲ್ಲಿ ಏನು ಕೇಳಿಸುತ್ತದೆ ಎಂದು ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದು ತೆಲುಗಿನಲ್ಲಿ ಶುರು ಮಾಡಿದರು. ಈ ಕಡೆ ಎಷ್ಟೋ ಮನೆಗಳಲ್ಲಿ ಹೊರಗೆ ಕನ್ನಡ, ಒಳಗೆ ತೆಲುಗು. ಮನಸ್ಸಿನ ಆಳದ್ದು ಬರುವಾಗ ಮನೆಮಾತಿನಲ್ಲೇ ಬರುತ್ತದೆ, ಬರಲಿ ಎಂದು ಬಿಡುತ್ತೇನೆ.

ತಂದೆಯ ಕೊನೆಯ ಎರಡು ವರ್ಷ ಅವರಿಗೆ ಸಿಹಿ ಸಿಗದಂತೆ ಕಾವಲಿದ್ದವರು ಇವರೇ. ಕಾಲಿನ ಹುಣ್ಣು ಮಾಯದೆ ಎರಡು ಬೆರಳು ತೆಗೆದಿದ್ದರು. ಆದರೂ ಮುದುಕರು ರಾತ್ರಿ ಗೋಡೆ ಹಿಡಿದುಕೊಂಡು ಬಂದು ಬೆಲ್ಲದ ಡಬ್ಬಿ ಹುಡುಕುತ್ತಿದ್ದರು. ಒಂದು ರಾತ್ರಿ ಇವರು ಡಬ್ಬಿಯನ್ನು ಕೈಯಿಂದ ಕಿತ್ತುಕೊಂಡು, ಮಕ್ಕಳೆಲ್ಲ ಎದ್ದು ಬರುವ ಹಾಗೆ ಕೂಗಾಡಿದ್ದರು. ಅದಾಗಿ ಒಂದೂವರೆ ತಿಂಗಳಿಗೆ ತಂದೆ ತೀರಿಕೊಂಡರು. ಆ ವರ್ಷವೇ ಇವರು ಸೈಕಲ್ ಕೊಂಡದ್ದು.

ನಾನು ಇದಕ್ಕೆ ದೊಡ್ಡ ಅರ್ಥ ಕಟ್ಟಲು ಹೋಗಲಿಲ್ಲ. ತಂದೆಯನ್ನು ಉಳಿಸಿಕೊಳ್ಳಬೇಕೆಂದೇ ಅವರು ಕೂಗಿದ್ದು, ಅದನ್ನು ಹಾಗೇ ಹೇಳಿದೆ. ಮುಂದಿನ ಎರಡು ಭೇಟಿ ಬರೀ ತಂದೆಯ ವಿಷಯವೇ ಆಯಿತು. ಸಿಹಿಯ ಬಗ್ಗೆ ಕೊಟ್ಟ ಸಲಹೆ ಒಂದೇ: ಆ ಮನೆಯಲ್ಲಿ ಸಿಹಿ ಕದಿಯುವ ವಸ್ತುವಾಗಿಬಿಟ್ಟಿದೆ, ಅದನ್ನು ಮತ್ತೆ ಬಡಿಸುವ ವಸ್ತು ಮಾಡಿ. ವಾರಕ್ಕೆ ಎರಡು ದಿನ, ಹಗಲು ಹೊತ್ತು, ತಟ್ಟೆಯಲ್ಲಿ ಹಾಕಿಕೊಂಡು, ಎಲ್ಲರ ಜೊತೆ ಕೂತು. ರಾತ್ರಿ ಬೇಕೇ ಅನಿಸಿದರೂ ಲೈಟ್ ಹಾಕಿ, ತಟ್ಟೆಗೆ ಹಾಕಿಕೊಂಡು, ಕೂತು ತಿನ್ನಿ.

ಹೆಂಡತಿಗೂ ಒಂದು ಮಾತು ಹೇಳಬೇಕಿತ್ತು. ಅವರು ಬಿಸ್ಕತ್ತು ಎಣಿಸಿಡುತ್ತಿದ್ದರು. “ಎಣಿಸದೆ ಇದ್ರೆ ಇವರು ಮಿತಿ ಮೀರ್ತಾರೆ ಮೇಡಂ, ಮಾವನವರನ್ನ ನೋಡಿದೀನಿ ನಾನು” ಅಂದರು. ಆ ಭಯ ಸುಳ್ಳಲ್ಲ. ಆದರೆ ಕಾವಲು ಇದ್ದಷ್ಟು ದಿನ ಕಳ್ಳತನ ನಿಲ್ಲುವುದಿಲ್ಲ ಅಂದೆ. ಎಣಿಸುವುದನ್ನು ಒಂದು ತಿಂಗಳು ಬಿಟ್ಟು ನೋಡೋಣ ಎಂದು ಒಪ್ಪಿದರು. ಅದು ಅವರಿಗೆ ಸುಲಭವಾಗಿರಲಿಲ್ಲ.

ಮಹಾಲಯ ಅಮಾವಾಸ್ಯೆಗೆ ತಂದೆಗೆ ಎಡೆ ಇಟ್ಟರು. ತೀರಿಕೊಂಡ ಮೇಲೆ ಪ್ರತಿ ವರ್ಷ ಎಡೆಯಲ್ಲಿ ಸಿಹಿ ಬೇಡ ಅನ್ನುತ್ತಿದ್ದವರು, ಈ ಸಲ ತಾವೇ ತಾಯಿಯ ಹತ್ತಿರ ಕೂತು ಹೂರಣ ರುಬ್ಬಿಕೊಟ್ಟರಂತೆ. ಎಡೆ ತೆಗೆದ ಮೇಲೆ ಎಲ್ಲರ ಸಾಲಿನಲ್ಲಿ ಕೂತು ಎರಡು ಒಬ್ಬಟ್ಟು ತುಪ್ಪ ಹಾಕಿಸಿಕೊಂಡು ತಿಂದರು.

ಈಗಲೂ ತಿಂಗಳಿಗೆ ಒಂದೆರಡು ರಾತ್ರಿ ಏಳುತ್ತಾರೆ. ಲೈಟ್ ಹಾಕುತ್ತಾರೆ. ಆ ದಿನಗಳ ಡೈರಿ ತೆಗೆದು ನೋಡಿದರೆ ಹೆಚ್ಚಿನ ಸಲ ಬೆಳಗಿನ ಬಾಳೆಹಣ್ಣು ತಪ್ಪಿರುತ್ತದೆ.